ಬಲಕ್ಕೆ ಮಾತ್ರ ತಿರುಗುವ ರೋಬೋಟು

೩ ಜೂನ್ ೨೦೦೪, ಗುರುವಾರ

ಹೊಸ ಕಂಪ್ಯೂಟರ್ ಬಂದಿದೆ. ಆಟ ನಡೆಯುವುದಿಲ್ಲ. ವಿಷಯ ಎರಡೇ ಸಾಲಿನದು, ಆದರೆ ನನ್ನ ಸಿಟ್ಟಿಗೆ ಎರಡು ಸಾಲು ಸಾಲದು.

ಮೇ ಕೊನೆಯ ವಾರದ ಸಿಡಿಲಿಗೆ ಹಳೆಯ ಯಂತ್ರ ಸುಟ್ಟುಹೋದಾಗಲೇ ಅಂಗಡಿಯವನಿಗೆ ಸ್ಪಷ್ಟವಾಗಿ ಹೇಳಿದ್ದೆ: ನನಗೆ ಹಾಡು ಬೇಡ, ಸಿನಿಮಾ ಬೇಡ, ಐರನ್ ಯಾರ್ಡ್ ಒಂದು ನಡೆದರೆ ಸಾಕು. ಅದು ಕೈಚಳಕದ ಆಟವಲ್ಲ ಎಂದೂ ವಿವರಿಸಿದ್ದೆ. ಪರದೆಯ ಮೇಲೆ ಒಂದು ಚೌಕ ಅಂಗಳ, ಅದರಲ್ಲಿ ಎರಡು ರೋಬೋಟು. ಮುಂದೆ ನೋಡು, ಎದುರಾಳಿ ಕಂಡರೆ ಹೊಡೆ, ಗೋಡೆ ಬಂದರೆ ಎಡಕ್ಕೆ ತಿರುಗು ಎಂದು ಒಬ್ಬೊಬ್ಬರೂ ತಮ್ಮ ರೋಬೋಟಿಗೆ ನೂರು ಸಾಲಿನೊಳಗೆ ಮೊದಲೇ ಬರೆದಿಡಬೇಕು. ಕಾಳಗ ಶುರುವಾದ ಮೇಲೆ ಮನುಷ್ಯರು ಕೈಕಟ್ಟಿ ಕುಳಿತು ನೋಡುವುದಷ್ಟೇ. ಅವನು ಎಲ್ಲಕ್ಕೂ ತಲೆಯಾಡಿಸಿದ್ದ. ಇಂದು ಫ್ಲಾಪಿ ಹಾಕಿ, ಕಪ್ಪು ಪರದೆ ಬಂದು ಮಾಯವಾದದ್ದನ್ನು ನೋಡಿ, ಇದು ಡಾಸ್ ಕಾಲದ್ದು ಮೇಡಂ, ಹೊಸ ವಿಂಡೋಸ್‌ನಲ್ಲಿ ಇದಕ್ಕೆ ಸಪೋರ್ಟ್ ಇಲ್ಲ, ಬೇಕಾದರೆ ಕಾರ್ ರೇಸ್ ಹಾಕಿಕೊಡುತ್ತೇನೆ ಎಂದ. ಮೂವತ್ತೊಂದು ವರ್ಷ ಗಣಿತ ಕಲಿಸಿದವಳಿಗೆ ಕಾರ್ ರೇಸ್.

ಅನಂತೇಶ ಉಪಾಧ್ಯರ ಜೂನ್ ತಿಂಗಳ ಪ್ರೋಗ್ರಾಂ ಉಡುಪಿಯಿಂದ ಅಂಚೆಯಲ್ಲಿ ಬಂದು ಮೇಜಿನ ಮೇಲೆ ಕುಳಿತಿದೆ. ಕಾರ್ಕಳದ ಕಾಲೇಜಿನಲ್ಲಿ ಅವರು ಭೌತಶಾಸ್ತ್ರ, ನಾನು ಗಣಿತ ಕಲಿಸುತ್ತಿದ್ದಾಗ ಲ್ಯಾಬಿನಲ್ಲಿ ಹಿಡಿದ ಹುಚ್ಚು ಇದು. ಇಬ್ಬರೂ ನಿವೃತ್ತರಾದ ಮೇಲೂ ತಿಂಗಳಿಗೊಂದು ಪಂದ್ಯ ತಪ್ಪಿಲ್ಲ. ಅವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಬೇಕೆಂದೂ ಇಲ್ಲ. ಕಾಗದದಲ್ಲಿ ಬರೆದು ಕಳಿಸುತ್ತಾರೆ, ನಾನು ಟೈಪ್ ಮಾಡುತ್ತೇನೆ. ಒಂದು ಅಲ್ಪವಿರಾಮವನ್ನೂ ತಿದ್ದುವುದಿಲ್ಲ. ತಪ್ಪು ಕಂಡರೂ ತಿದ್ದುವುದಿಲ್ಲ. ಆ ನಂಬಿಕೆ ಇಲ್ಲದಿದ್ದರೆ ಈ ಆಟವೇ ಇಲ್ಲ.

೬ ಜೂನ್, ಭಾನುವಾರ

ಪೂಜೆ ಮುಗಿಸಿ ಇಗರ್ಜಿಯಿಂದ ಬಂದವಳೇ ಕುಳಿತೆ. ಯಾವುದೋ ಆಯ್ಕೆಯನ್ನು ಒತ್ತಿದಾಗ ಆಟ ತೆರೆಯಿತು. ತೆರೆದು, ಇಡೀ ಕಾಳಗವನ್ನು ಎರಡು ಸೆಕೆಂಡಿನಲ್ಲಿ ಮುಗಿಸಿ, ಮುಚ್ಚಿಕೊಂಡಿತು. ಹೊಸ ಯಂತ್ರಕ್ಕೆ ಅಷ್ಟು ಅವಸರ. ಯಾರು ಗೆದ್ದರು, ಹೇಗೆ ಗೆದ್ದರು, ದೇವರಿಗೇ ಗೊತ್ತು.

ಪಂದ್ಯ ಮುಂದೂಡೋಣ ಎಂದು ಉಪಾಧ್ಯರಿಗೆ ಫೋನ್ ಮಾಡಿದರೆ, "ಯಾವ ಪಂದ್ಯ?" ಎಂದು ಕೇಳಿದರು. ನಾನು ಇಲ್ಲಿ ಬೆಳಗಿನಿಂದ ಒದ್ದಾಡುತ್ತಿರುವಾಗ ಅವರಿಗೆ ತಮಾಷೆ.

೧೨ ಜೂನ್, ಶನಿವಾರ

ಸಿಪಿಯು ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಎರಡು ಬಸ್ಸು ಬದಲಾಯಿಸಿ ಮಣಿಪಾಲಕ್ಕೆ ಹೋದೆ. ಅಲ್ಲಿ ಹಳೆಯ ಯಂತ್ರಗಳನ್ನು ರಿಪೇರಿ ಮಾಡುವ ಭೀಮೇಶ ಎಂಬವನಿದ್ದಾನೆ. ಬಾಗಲಕೋಟೆ ಕಡೆಯವನು, ಕಟ್ಟಡದ ವಯರಿಂಗ್ ಕೆಲಸಕ್ಕೆಂದು ಬಂದು ಇದನ್ನು ತಾನೇ ಕಲಿತನಂತೆ. ಬೇರೆ ಅಂಗಡಿಗಳಲ್ಲಿ ನಾಲ್ಕು ಜನ ನಕ್ಕ ಫ್ಲಾಪಿಗೆ ಅವನು ನಗಲಿಲ್ಲ. ಹಳೆಯ ಯಂತ್ರದಂತೆ ನಟಿಸುವ ಪ್ರೋಗ್ರಾಂ ಒಂದಿದೆ, ಅದರೊಳಗೆ ಆಟ ಹಾಕಿದರೆ ತಾನು ಹತ್ತು ವರ್ಷ ಹಿಂದೆಯೇ ಇದ್ದೇನೆಂದು ಆಟ ತಿಳಿದುಕೊಳ್ಳುತ್ತದೆ ಎಂದ. ಒಂದು ಗಂಟೆಯಲ್ಲಿ ನನ್ನ ಅಂಗಳ, ನನ್ನ ಗೋಡೆ, ನನ್ನ ನಿಧಾನ ಎಲ್ಲವೂ ವಾಪಸು ಬಂತು.

ಆ ಅಂಗಡಿಯವನನ್ನು ಮಾತ್ರ ನಾನು ಕ್ಷಮಿಸುವುದಿಲ್ಲ.

೧೩ ಜೂನ್, ಭಾನುವಾರ

ಗೆದ್ದೆ. ಇಂಥ ಗೆಲುವು ಯಾರಿಗೆ ಬೇಕು?

ಉಪಾಧ್ಯರ ರೋಬೋಟು ಅಂಗಳಕ್ಕೆ ಬಂದು ನಾಲ್ಕು ಹೆಜ್ಜೆ ನಡೆಯಿತು. ಗೋಡೆ ಸಿಕ್ಕಿತು. ಬಲಕ್ಕೆ ತಿರುಗಿತು, ಮತ್ತೆ ಬಲಕ್ಕೆ, ಮತ್ತೆ ಬಲಕ್ಕೆ. ನಿಂತಲ್ಲೇ ಸುತ್ತುತ್ತಿದ್ದ ಅದನ್ನು ನನ್ನ ರೋಬೋಟು ಪಕ್ಕದಿಂದ ಬಂದು ಹೊಡೆದು ಹಾಕಿತು. ಕಳೆದ ಹತ್ತು ಪಂದ್ಯದಲ್ಲಿ ಆರು ನನ್ನಿಂದ ಕಿತ್ತುಕೊಂಡ ಮನುಷ್ಯನ ರೋಬೋಟು ಇದು.

ಫೋನ್ ಮಾಡಿ ಹೇಳಿದೆ. ನೀವು ಟೈಪ್ ಮಾಡುವಾಗ ಸಾಲು ಬಿಟ್ಟಿರಬೇಕು ನೋಡಿ ಎಂದರು. ಪ್ರಶ್ನೆಯಲ್ಲ, ಹೇಳಿಕೆ. ಕಾಗದ ತೆಗೆದು ಮೂರು ಸಲ ತಾಳೆ ನೋಡಿದೆ. ಒಂದು ಅಕ್ಷರ ಆಚೀಚೆ ಇಲ್ಲ. ಮತ್ತೆ ಫೋನ್ ಮಾಡಿದರೆ, ಹಾಗಾದರೆ ಯಂತ್ರದ್ದೇ ತಪ್ಪು ಎಂದು ಇಟ್ಟುಬಿಟ್ಟರು.

ಯಂತ್ರದ್ದು ಇರಬಹುದು. ಅದರ ಮೇಲೆ ನನಗೂ ನಂಬಿಕೆಯಿಲ್ಲ. ಆದರೆ ಮೊದಲು ಅವರ ಬಾಯಿಗೆ ಬಂದದ್ದು ನನ್ನ ಹೆಸರು.

೪ ಜುಲೈ, ಭಾನುವಾರ

ಉಪಾಧ್ಯರು ಬಂದರು. ಹನ್ನೊಂದಕ್ಕೆ ಬರಬೇಕಾದವರು ಒಂದೂವರೆಗೆ. ಕಟಪಾಡಿಯಲ್ಲಿ ಇಳಿದುಬಿಟ್ಟರಂತೆ, ಅದಕ್ಕೆ ಕಂಡಕ್ಟರ್ ಕಾರಣವಂತೆ. ಅಂಗಳದ ಉದ್ದಕ್ಕೂ ಎಡಗಾಲಿನ ಚಪ್ಪಲಿ ಎಳೆದುಕೊಂಡು ಬಂದದ್ದು ಒಳಗೆ ಕುಳಿತ ನನಗೆ ಕೇಳಿಸಿತು. ಮೊದಲು ಎಷ್ಟು ಶಿಸ್ತಿನ ನಡಿಗೆ ಅವರದು. ನಿವೃತ್ತರಾದ ಗಂಡಸರು ಹೀಗೆ ತಮ್ಮನ್ನು ತಾವು ಕೈಬಿಡುವುದನ್ನು ನಾನು ಸಹಿಸುವುದಿಲ್ಲ.

ಜೂನ್ ಪಂದ್ಯವನ್ನು ಅವರ ಎದುರೇ ಮತ್ತೆ ನಡೆಸಿದೆ. ಮತ್ತೆ ಅದೇ ಸುತ್ತು. ಅವರು ಪರದೆಯನ್ನೇ ನೋಡುತ್ತಿದ್ದರು. ಚಹಾದ ಲೋಟ ಎಡಗೈಯಿಂದ ಜಾರಿ ನನ್ನ ಮೇಜಿನ ಬಟ್ಟೆಯ ಮೇಲೆ ಬಿತ್ತು, ಅದನ್ನೂ ಗಮನಿಸಲಿಲ್ಲ. ಕೊನೆಗೆ ಹೇಳಿದರು:

"ಹಳೆ ಮಿಷನ್ನಿನಲ್ಲಿ ಹೀಗೆ ಆಗ್ತಾ ಇರ್ಲಿಲ್ಲ. ಈ ಹೊಸದನ್ನು ನೀವು ಎಂತಕ್ಕೆ ಹಾಕಿಸಿದ್ದು ಅಂತ ನಂಗೆ ಗೊತ್ತುಂಟು ಮಾರಾಯ್ರೆ."

ಎಂತಕ್ಕೆ ಎಂದು ಕೇಳಿದೆ.

"ಗೆಲ್ಲಲಿಕ್ಕೆ."

ನಾನು ಏಳಲಿಲ್ಲ, ಕೂಗಲಿಲ್ಲ. ನಿಮ್ಮ ಬಸ್ಸು ಎರಡೂ ಹತ್ತಕ್ಕೆ ಎಂದೆ. ಪ್ರತಿ ಸಲ ಬಸ್‌ಸ್ಟಾಪಿನವರೆಗೆ ಜೊತೆಗೆ ಹೋಗುತ್ತಿದ್ದೆ, ಇಂದು ಹೋಗಲಿಲ್ಲ. ಗೇಟು ಹಾಕದೆ ಹೋಗಿದ್ದಾರೆ. ದನ ನುಗ್ಗಿ ದಾಸವಾಳ ತಿಂದಿತು.

೬ ಜುಲೈ, ಮಂಗಳವಾರ

ಪತ್ರ ಬರೆದೆ. ನಾಲ್ಕು ಪುಟ. ನಾನು ಮೋಸ ಮಾಡುವವಳಾಗಿದ್ದರೆ ಐದು ವರ್ಷ ನಿಮ್ಮ ಕೈಬರಹವನ್ನು ಕಣ್ಣು ಕಿತ್ತುಕೊಂಡು ಟೈಪ್ ಮಾಡುತ್ತಿರಲಿಲ್ಲ ಎಂದು ಶುರು ಮಾಡಿದೆ. ಬೇರೆ ಎದುರಾಳಿಯನ್ನು ಹುಡುಕಿಕೊಳ್ಳಿ ಎಂದು ಮುಗಿಸಿದೆ. ಅಂಚೆಗೆ ಹಾಕಲು ಮಳೆ ಬಿಡಲಿಲ್ಲ.

೭ ಜುಲೈ

ಇಂದೂ ಮಳೆ. ಕೊಡೆ ಇಲ್ಲವೆಂದಲ್ಲ.

೨೦ ಜುಲೈ, ಮಂಗಳವಾರ

ಉಪಾಧ್ಯರ ಹೊಸ ಪ್ರೋಗ್ರಾಂ ಬಂದಿದೆ, ಏನೂ ಆಗಿಲ್ಲವೆಂಬಂತೆ. ಕ್ಷಮೆಯ ಒಂದು ಪದವಿಲ್ಲ. ಕಾಗದದ ಎಡಗಡೆಯ ಅರ್ಧವನ್ನು ಖಾಲಿ ಬಿಟ್ಟು, ಎಲ್ಲವನ್ನೂ ಬಲ ಅಂಚಿಗೆ ಒತ್ತಿ ಬರೆದಿದ್ದಾರೆ. ಸಾಲಿನ ಸಂಖ್ಯೆಗಳೇ ಇಲ್ಲ. ಇಷ್ಟು ಕಾಗದ ದಂಡ ಮಾಡಲು ಪೇಪರ್ ಮಿಲ್ಲಿನವರ ಮೇಲೆ ಇವರಿಗೆ ಏನು ಪ್ರೀತಿಯೋ.

ಆದರೂ ಟೈಪ್ ಮಾಡಿದೆ. ನಡೆಸಿದೆ. ಸುತ್ತಿತು.

ಇದು ಬೇಕೆಂದೇ ಮಾಡುತ್ತಿರುವುದು. ನನ್ನನ್ನು ಅಣಕಿಸಲು. ಸೋಲುವುದಾದರೆ ಹೀಗೆ ಸೋಲುತ್ತೇನೆ, ನಿಮ್ಮ ಗೆಲುವಿಗೆ ಬೆಲೆಯೇ ಇರಬಾರದು ಎಂದು. ಅಥವಾ ನಿಜವಾಗಿ ಈ ಹಾಳು ಹೊಸ ವಿಂಡೋಸ್ ನಡುವೆ ಎಲ್ಲೋ ಕಚ್ಚುತ್ತಿದೆ. ಶನಿವಾರ ಮಣಿಪಾಲಕ್ಕೆ ಹೋಗಿ ಇತ್ಯರ್ಥ ಮಾಡುತ್ತೇನೆ. ಯಂತ್ರದ್ದೇ ತಪ್ಪೆಂದು ಬರೆಯಿಸಿಕೊಂಡು ಬಂದು ಉಪಾಧ್ಯರ ಮುಖಕ್ಕೆ ಹಿಡಿಯುತ್ತೇನೆ.

೨೪ ಜುಲೈ, ಶನಿವಾರ

ಭೀಮೇಶ ಬೇರೆ ಯಂತ್ರದಲ್ಲಿ ಹಾಕಿ ನೋಡಿದ. ನಿಜವಾದ ಡಾಸ್ ಇದ್ದ, ಹಳದಿಗಟ್ಟಿದ ಒಂದು ಡಬ್ಬಿಯಲ್ಲೂ ಹಾಕಿದ. ಎಲ್ಲದರಲ್ಲೂ ಉಪಾಧ್ಯರ ರೋಬೋಟು ಬಲಕ್ಕೆ ಸುತ್ತಿತು, ನನ್ನದು ಬಂದು ಹೊಡೆಯಿತು. ಅವನು ಸ್ಕ್ರೂ ಡ್ರೈವರ್ ಕೆಳಗಿಟ್ಟು ಹೇಳಿದ:

"ಟೀಚರ, ಮಷಿನ್ ಕೆಟ್ಟಿತ್ತಂದ್ರ ಎರಡೂ ರೋಬೋಟಿಗೂ ಕೆಡಬೇಕಲ್ರೀ. ನಿಮ್ಮದು ಬರೋಬ್ಬರಿ ನಡದೈತಿ. ಅವರದಷ್ಟ ಯಾಕ ಕೆಡ್ತೈತಿ?"

ನೀನು ರಿಪೇರಿ ಮಾಡುವವನು, ರಿಪೇರಿ ಮಾಡು ಎಂದೆ. ಬಸ್ಸಿನಲ್ಲಿ ಇಡೀ ದಾರಿ ಅವನ ಮೇಲೆ ಸಿಟ್ಟು ಬಂತು. ಇಷ್ಟು ಸರಳವಾದ ತರ್ಕ ನನಗೆ ಏಕೆ ಹೊಳೆದಿರಲಿಲ್ಲ ಎಂಬುದಕ್ಕೆ ಅವನು ಹೊಣೆಯಲ್ಲ, ಅದು ಗೊತ್ತಿದೆ.

೨೫ ಜುಲೈ, ಭಾನುವಾರ

ಇಂದು ಪೂಜೆಗೆ ಹೋಗಲಿಲ್ಲ.

ಉಪಾಧ್ಯರು ಕಳಿಸಿದ ಕಾಗದಗಳೆಲ್ಲ ಫೈಲಿನಲ್ಲಿವೆ. ಮಾರ್ಚಿನದನ್ನು ಹಾಕಿದೆ: ಚೆನ್ನಾಗಿ ನಡೆಯಿತು, ನನ್ನ ಹೊಸ ರೋಬೋಟನ್ನು ಸೋಲಿಸಿಯೂ ಬಿಟ್ಟಿತು. ಏಪ್ರಿಲ್ ಸರಿ. ಮೇ ಎರಡನೇ ತಾರೀಕಿನದು ಸರಿ. ಅದೇ ಯಂತ್ರ, ಅದೇ ಹೊಸ ವಿಂಡೋಸ್. ಜೂನ್ ತಪ್ಪು. ಜುಲೈ ತಪ್ಪು.

ಹಾಗಾದರೆ ಬೇಕೆಂದೇ, ಎಂದುಕೊಂಡೆ. ಅದನ್ನು ಸಾಬೀತು ಮಾಡಲು ಒಂದೊಂದೇ ಸಾಲು ಓದಿದೆ. ಟೈಪ್ ಮಾಡುವಾಗ ಓದುವುದಿಲ್ಲ ನಾನು, ಅಕ್ಷರ ನೋಡುತ್ತೇನೆ ಅಷ್ಟೆ. ಮೇ ತಿಂಗಳ ಪ್ರೋಗ್ರಾಂನಲ್ಲಿ ‘ಎಡಕ್ಕೆ’ ಎಂಬ ಆಜ್ಞೆ ಹದಿನಾಲ್ಕು ಸಲ ಇದೆ. ಜೂನಿನಲ್ಲಿ ಎರಡು ಸಲ. ಜುಲೈನಲ್ಲಿ ಇಲ್ಲವೇ ಇಲ್ಲ. ಎಡಗಡೆ ಎಂಬುದು ಲೋಕದಲ್ಲಿ ಇಲ್ಲವೆಂಬಂತೆ.

ಕಾಗದಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟೆ. ಮೇನಲ್ಲಿ ಎಡಗಡೆ ಒಂದು ಬೆರಳಿನಷ್ಟು ಅಂಚು. ಜೂನಿನಲ್ಲಿ ಮೂರು ಬೆರಳು. ಜುಲೈನಲ್ಲಿ ಅರ್ಧ ಪುಟ.

ಅಣಕಿಸುವವನು ಅಂಚು ಹೀಗೆ ಅಳತೆ ಮಾಡಿ ಬಿಡುವುದಿಲ್ಲ.

ಆ ನಾಲ್ಕು ಪುಟದ ಪತ್ರವನ್ನು ಒಲೆಗೆ ಹಾಕಿದೆ.

೨೬ ಜುಲೈ, ಸೋಮವಾರ

ಬೆಳಗಿನ ಮೊದಲ ಬಸ್ಸಿಗೆ ಉಡುಪಿ. ಉಪಾಧ್ಯರ ಹೆಂಡತಿ ಪಂಕಜಾ ನನ್ನನ್ನು ನೋಡಿ ಗಾಬರಿಯಾದರು, ಹೇಳದೆ ನಾನು ಯಾರ ಮನೆಗೂ ಹೋದವಳಲ್ಲ. ಉಪಾಧ್ಯರು ಒಳಗೆ ಮಲಗಿದ್ದರು. ಹತ್ತು ಗಂಟೆಯಾದರೂ ಮಲಗಿದ್ದರು. ತಲೆನೋವಂತೆ, ಈಗ ದಿನವೂ ಹಾಗೆಯೇ ಅಂತೆ.

ಪಂಕಜಾ ಅಡುಗೆಮನೆಗೆ ಕರೆದು ತಮ್ಮ ಸಂಕಟ ಹೇಳಿಕೊಂಡರು. ಅವರಿಗೂ ಸಿಟ್ಟು ಬಂದಿತ್ತು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಉಪಾಧ್ಯರು ಊಟದಲ್ಲಿ ಏನೂ ಬಿಟ್ಟವರಲ್ಲ. ಈಗ ಎಲೆಯ ಎಡಗಡೆ ಬಡಿಸಿದ ಉಪ್ಪಿನಕಾಯಿ, ಚಟ್ನಿ, ಕೋಸಂಬರಿ ಮುಟ್ಟುವುದೇ ಇಲ್ಲ. ಕೇಳಿದರೆ ಬಡಿಸಲೇ ಇಲ್ಲವಲ್ಲ ಎನ್ನುತ್ತಾರೆ. "ನಾನು ಬಡಿಸಿದ್ದನ್ನು ಬಡಿಸಲಿಲ್ಲ ಅಂತ ಹೇಳಿದ್ರೆ ನಂಗೆ ಹೇಗೆ ಆಗ್ಬೇಡ ಕ್ಲಾರಾ ಬಾಯಿ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹತ್ತಿರದ ಡಾಕ್ಟರು ಪ್ರಾಯ ಆಯಿತು ಎಂದು ಟಾನಿಕ್ ಕೊಟ್ಟಿದ್ದಾರೆ. ಅರವತ್ತೇಳಕ್ಕೆ ಪ್ರಾಯ ಆಯಿತಂತೆ. ಏಪ್ರಿಲ್‌ನಲ್ಲಿ ಆಗದ ಪ್ರಾಯ ಜೂನ್‌ನಲ್ಲಿ ಆಗಿಬಿಟ್ಟಿತೆ?

ಮೇ ತಿಂಗಳಲ್ಲಿ ಏನಾಗಿತ್ತು ಎಂದು ಕೇಳಿದೆ. ಏನೂ ಇಲ್ಲ ಎಂದರು. ಮತ್ತೆ ಕೇಳಿದೆ. ಮತ್ತೆ ಕೇಳಿದೆ, ತರಗತಿಯಲ್ಲಿ ಕೇಳುವ ಹಾಗೆ. ಮೇ ಎರಡನೇ ವಾರ ಹಲಸಿನ ಹಪ್ಪಳದ ಡಬ್ಬಿ ತೆಗೆಯಲು ಅಟ್ಟ ಹತ್ತಿದವರು ಇಳಿಯುವಾಗ ತೊಲೆಗೆ ತಲೆ ಬಡಿದುಕೊಂಡಿದ್ದರಂತೆ. ರಕ್ತ ಬರಲಿಲ್ಲ, ಬುಗುಟೆ ಎದ್ದು ಎರಡು ದಿನದಲ್ಲಿ ಇಳಿಯಿತು, ಹಾಗಾಗಿ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಆಗ ಉಪಾಧ್ಯರು ಬಾಗಿಲಿಗೆ ಬಂದು ನಿಂತಿದ್ದರು. ಎಡಭುಜ ಬಾಗಿಲ ಚೌಕಟ್ಟಿಗೆ ತಾಗಿದ್ದು ಅವರಿಗೆ ಗೊತ್ತಾಗಲಿಲ್ಲ. ನನ್ನ ಕೈಯಲ್ಲಿದ್ದ ಕಾಗದಗಳನ್ನು ನೋಡಿದರು.

"ಬಾಯಿ, ನೀವು ಸುಳ್ಳು ಹೇಳುವವರಲ್ಲ. ತಪ್ಪು ಮಿಷನ್ನಿನದ್ದೋ, ನನ್ನದೋ?"

ಪಂಕಜಾ ನನ್ನ ಕೈ ಹಿಡಿದುಕೊಂಡರು. ಹೇಳಬೇಡಿ ಎಂದು ಹಿಡಿದದ್ದು, ಅಷ್ಟು ಅರ್ಥವಾಗುತ್ತದೆ ನನಗೆ. ಯಂತ್ರದ್ದು ಎನ್ನುವುದು ಎಷ್ಟು ಸುಲಭವಿತ್ತು. ಎರಡು ತಿಂಗಳು ಅದನ್ನೇ ಹೇಳುತ್ತ ಓಡಾಡಿದವಳು ನಾನು.

"ನಿಮ್ಮದು" ಎಂದೆ.

ಅವರು ನೆಲದ ಮೇಲೆ ಕುಳಿತರು. ಬೈಯುತ್ತಾರೆಂದುಕೊಂಡೆ. "ನಂಗೂ ಹಾಗೇ ಕಂಡಿತ್ತು. ಯಾರೂ ಹೇಳ್ಲಿಲ್ಲ" ಎಂದರು. ಆಮೇಲೆ, ಯಾವ ಸಾಲಿನಲ್ಲಿ ಎಂದು ಕೇಳಿದರು. ಕಾಗದ ಅವರ ಮುಂದೆ ಹರಡಿ ಬೆರಳಿಟ್ಟು ತೋರಿಸಿದೆ. ಎಡಗಡೆಯ ಖಾಲಿ ಜಾಗ ಅವರಿಗೆ ಕಾಣಿಸಲಿಲ್ಲ. ಕಾಗದವನ್ನು ತಿರುಗಿಸಿ ಹಿಡಿದಾಗ ಕಂಡಿತು. ಆಗ ಅವರ ಮುಖ ನೋಡಲಾಗಲಿಲ್ಲ ನನಗೆ.

ನಾಳೆ ಮಣಿಪಾಲ. ನಾನೂ ಹೋಗುತ್ತೇನೆ. ಪಂಕಜಾ ಕರೆಯಲಿಲ್ಲ, ನಾನೇ ಹೇಳಿದೆ.

೨೭ ಜುಲೈ, ಮಂಗಳವಾರ

ಉಪಾಧ್ಯರ ಮನೆಯ ಚಾವಡಿಯಲ್ಲಿ ಮಲಗಿದ್ದೆ. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಲ್ಲಿದ್ದೆವು.

ಡಾಕ್ಟರ್ ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು. ಮೊದಲು ನನ್ನನ್ನು ಹೊರಗೆ ಕೂರಿಸಲು ನೋಡಿದಳು: ನೀವು ರೋಗಿಗೆ ಏನಾಗಬೇಕು ಎಂದು. ಎದುರಾಳಿ ಎಂದೆ. ಅವಳು ನಗುವ ಮೊದಲೇ ಐದು ತಿಂಗಳ ಕಾಗದಗಳನ್ನು ತಾರೀಕಿನ ಪ್ರಕಾರ ಮೇಜಿನ ಮೇಲೆ ಜೋಡಿಸಿ, ಇದು ಪ್ರಾಯವಾದರೆ ಶುರುವಾದ ತಾರೀಕು ಹೇಗೆ ಸಿಗುತ್ತದೆ ಎಂದು ಕೇಳಿದೆ. ಅವಳು ಒಂದೊಂದನ್ನೂ ಎತ್ತಿ ನೋಡಿದಳು. ಜುಲೈ ಪುಟವನ್ನು ಎರಡು ಸಲ ನೋಡಿದಳು. ಉಪಾಧ್ಯರಿಗೆ ಎರಡೂ ಕೈ ಚಾಚಿ ಹಿಡಿಯಲು ಹೇಳಿದಳು. ಎಡಗೈ ಮೆಲ್ಲಗೆ ಕೆಳಗೆ ಇಳಿಯಿತು. ಕೂಡಲೇ ಸ್ಕ್ಯಾನಿಗೆ ಕಳಿಸಿದಳು.

ತಲೆಬುರುಡೆಯ ಒಳಗೆ, ಬಲಬದಿಗೆ, ಎರಡೂವರೆ ತಿಂಗಳಿಂದ ರಕ್ತ ಹನಿಹನಿಯಾಗಿ ಜಿನುಗಿ ಶೇಖರವಾಗಿ ಮೆದುಳನ್ನು ಒತ್ತುತ್ತಿದೆಯಂತೆ. ಎಡಗಡೆಯ ಲೋಕವನ್ನು ನೋಡಿಕೊಳ್ಳುವುದು ಮೆದುಳಿನ ಬಲಭಾಗವಂತೆ. ನಾಳೆ ಬೆಳಿಗ್ಗೆ ಎರಡು ಸಣ್ಣ ರಂಧ್ರ ಕೊರೆದು ತೆಗೆಯುತ್ತಾರೆ. ಇನ್ನೂ ತಡವಾಗಿದ್ದರೆ ಎಂದು ಪಂಕಜಾ ಕೇಳಿದರು. ಡಾಕ್ಟರ್ ಸಹಿ ಹಾಕಬೇಕಾದ ಕಾಗದ ಮುಂದೆ ತಳ್ಳಿದಳು.

ಜುಲೈ ನಾಲ್ಕರಂದು ಅವರು ಆ ಕಾಲನ್ನು ಎಳೆದುಕೊಂಡು ಒಬ್ಬರೇ ನನ್ನ ಮನೆಯಿಂದ ಬಸ್‌ಸ್ಟಾಪಿಗೆ ಹೋದರು.

೨೮ ಜುಲೈ

ಆಯಿತು. ಅವರು ಇನ್ನೂ ಕಣ್ಣು ತೆರೆದಿಲ್ಲ.

೨೯ ಜುಲೈ

ತೆರೆದರು.

೮ ಆಗಸ್ಟ್, ಭಾನುವಾರ

ಇಷ್ಟು ಸೊಕ್ಕಿನ ಮನುಷ್ಯನನ್ನು ನಾನು ಜನ್ಮದಲ್ಲಿ ನೋಡಿಲ್ಲ.

ಒಳ್ಳೆಯ ಮನಸ್ಸಿನಿಂದಲೇ ಆಸ್ಪತ್ರೆಗೆ ಹೋದದ್ದು. ತಲೆಗೆ ಬಟ್ಟೆ ಸುತ್ತಿಕೊಂಡು ಮಂಚದ ಮೇಲೆ ಕುಳಿತಿದ್ದರು, ಪಂಕಜಾ ಗಂಜಿ ಕುಡಿಸುತ್ತಿದ್ದರು. ಎಡಗೈಯಲ್ಲಿ ನಿಂಬೆಹಣ್ಣು ಹಿಡಿದು ಒತ್ತುವ ವ್ಯಾಯಾಮವಂತೆ. ಮಾತು ನಿಧಾನ, ಆದರೆ ನೇರ. ಜುಲೈ ನಾಲ್ಕರಂದು ಆಡಿದ ಮಾತು ನೆನಪಿದೆಯೇ ಎಂದು ನಾನು ಕೇಳಲಿಲ್ಲ. ಅವರೇ, ಅವತ್ತು ನಾನು ಎಂತದೋ ಹೇಳಿದೆ ಅಲ್ವಾ ಎಂದರು. ಚಹಾ ಚೆಲ್ಲಿದಿರಿ, ಬೇರೆ ಏನಿಲ್ಲ ಎಂದೆ.

ಆಮೇಲೆ ಹೇಳಿದೆ, ಜೂನ್ ಜುಲೈ ಪಂದ್ಯಗಳನ್ನು ಹೊಡೆದುಹಾಕುತ್ತೇನೆ, ಕಾಯಿಲೆಯಲ್ಲಿ ಆಡಿದ್ದು ಆಟವಲ್ಲ ಎಂದು. ನನ್ನ ಎರಡು ಗೆಲುವನ್ನು ನಾನೇ ಬಿಟ್ಟುಕೊಡುತ್ತಿದ್ದೇನೆ. ಥ್ಯಾಂಕ್ಸ್ ಹೇಳುವ ಬದಲು ಅವರ ಮುಖ ಕೆಂಪಾಯಿತು.

"ಬರೆದದ್ದು ಯಾರು? ನಾನು. ತಲೆಯೊಳಗೆ ಎಂತ ಇತ್ತೋ ಬಿಡಿ, ಕೈ ನನ್ನದೇ. ಸೋತದ್ದೂ ನಾನೇ. ಅದನ್ನು ಅಳಿಸಿದ್ರೆ ಆ ಎರಡು ತಿಂಗಳು ನಾನು ಇರ್ಲೇ ಇಲ್ಲ ಅಂತ ಆಗ್ತದೆ. ಇದ್ದೆ ನಾನು."

ಅದು ತರ್ಕವಲ್ಲ, ಹಠ ಎಂದೆ. ಗಣಿತದವರಿಗೆ ಇದು ಅರ್ಥವಾಗುವುದಿಲ್ಲ ಎಂದರು. ಭೌತಶಾಸ್ತ್ರದವರಿಗೆ ಪ್ರಯೋಗ ಕೆಟ್ಟರೂ ಫಲಿತಾಂಶ ಬೇಕು ಎಂದೆ. ನರ್ಸ್ ಬಂದು ಇಬ್ಬರಿಗೂ ಮೆಲ್ಲಗೆ ಮಾತಾಡಿ ಎಂದು ಹೇಳಿಹೋದಳು. ನಿಂಬೆಹಣ್ಣು ಅವರ ಎಡಗೈಯಲ್ಲಿ ಚಪ್ಪಟೆಯಾಗಿ ರಸ ಹಾಸಿಗೆಗೆ ಸುರಿಯುತ್ತಿತ್ತು. ಪಂಕಜಾ ನೋಡಿದರು, ನಾನೂ ನೋಡಿದೆ. ಅವರಿಗೆ ಮಾತು ನಿಲ್ಲಿಸುವ ಪುರುಸೊತ್ತಿರಲಿಲ್ಲ.

ಬಸ್ಸಿನಲ್ಲಿ ಎಷ್ಟು ಕೋಪ ಬಂದಿತ್ತೆಂದರೆ ನನ್ನ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ. ನಡೆದುಕೊಂಡು ಬಂದೆ. ಮಳೆ ನಿಂತಿತ್ತು, ಹಾಗಾಗಿ ಪರವಾಗಿಲ್ಲ.

೨೨ ಆಗಸ್ಟ್, ಭಾನುವಾರ

ಕಂಪ್ಯೂಟರನ್ನು ಉಡುಪಿಗೆ ಸಾಗಿಸಿದೆ. ಮೂರು ತಿಂಗಳು ಉಪಾಧ್ಯರು ಬಸ್ಸು ಹತ್ತಬಾರದೆಂದು ಡಾಕ್ಟರ್ ಹೇಳಿದ್ದಾಳೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ನಮ್ಮ ಶಿರ್ವದಲ್ಲಿ ವೋಲ್ಟೇಜ್ ಸರಿಯಿಲ್ಲ, ಸಿಡಿಲಿನ ಕಾಟ ಬೇರೆ. ಭೀಮೇಶ ರಜೆ ಹಾಕಿ ರಿಕ್ಷಾದಲ್ಲಿ ಜೊತೆಗೆ ಬಂದು ವಯರು ಜೋಡಿಸಿಕೊಟ್ಟ. ಅವತ್ತು ನಿನ್ನ ಮೇಲೆ ರೇಗಬಾರದಿತ್ತು ಎಂದು ಹೇಳಬೇಕೆಂದಿದ್ದೆ. ಊಟ ಮಾಡಿ ಹೋಗು ಎಂದು ಹೇಳಿದೆ.

ಚಾವಡಿಯಲ್ಲಿ ಆಟ ಶುರುವಾದಾಗ ಪಂಕಜಾ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಇಷ್ಟು ವರ್ಷ ಈ ಅಂಚೆ ಹೋಗಿ ಬರುವುದನ್ನು ಕಂಡವರು, ಆಟ ನೋಡಿದ್ದು ಇದೇ ಮೊದಲು. ಒಂದು ಪಂದ್ಯ ಪೂರ್ತಿ ನಿಂತು ನೋಡಿ, ಇಷ್ಟೇ ಆದರೆ ತಾನೂ ಒಂದು ಬರೆಯಬಹುದಲ್ವಾ ಎಂದು ಕೇಳಿದರು. ಉಪಾಧ್ಯರು ಪರದೆಯಿಂದ ಕಣ್ಣು ತೆಗೆಯದೆ, ಅದಕ್ಕೆ ತಲೆ ಬೇಕು ಎಂದರು.

ತಲೆ. ಈ ಮಾತು ಹೇಳಲು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ನಾಳೆ ಏಳೂವರೆಯ ಬಸ್ಸಿಗೆ ಹೋಗುತ್ತೇನೆ. ಪಂಕಜಾರಿಗೆ ಮೊದಲ ಹತ್ತು ಸಾಲು ನಾನೇ ಕಲಿಸುತ್ತೇನೆ. ಉಪಾಧ್ಯರು ಬೇಕಾದರೆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯಲಿ, ಕೈಗೆ ವ್ಯಾಯಾಮವೂ ಆಗುತ್ತದೆ.